ವರ್ಷಕ್ಕೆರಡು ದಿನ ಗೆಲ್ಲು ಕಡಿಯಲು: ಪೋಲ್ ಸಾ ಬೇರೆ ಬೇಕೆ, ಬ್ರಷ್ ಕಟರ್‌ಗೇ ಜೋಡಿಸಿದರೆ ಸಾಕೆ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಳೆ ಹೊಡೆಯುವ ಒಂದು ಒಳ್ಳೆಯ ಪೆಟ್ರೋಲ್ ಬ್ರಷ್ ಕಟರ್ ಇದ್ದರೆ, ಪೋಲ್ ಸಾ (ಉದ್ದ ಕೋಲಿನ ತುದಿಗೆ ಚೈನ್ ಗರಗಸವಿರುವ ಯಂತ್ರ) ಎಂದು ಇನ್ನೊಂದು ಎಂಜಿನ್ ತರಬೇಡಿ. ಅದಕ್ಕೇ ಹೊಂದುವ ಗರಗಸದ ತಲೆ ತಂದು ಜೋಡಿಸಿಕೊಳ್ಳಿ. ‘ಹೊಂದುವ’ ಎನ್ನುವ ಆ ಒಂದು ಮಾತಿನಲ್ಲೇ ಈ ವ್ಯವಹಾರದ ತಲೆನೋವೆಲ್ಲ ಅಡಗಿದೆ. ಅದು ಮುಂದೆ ಬರುತ್ತದೆ.

ಇಲ್ಲಿರುವ ಲೆಕ್ಕ ಮಲೆನಾಡು, ಕರಾವಳಿಯ ಮನೆ ಬಳಕೆಯದ್ದು. ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಬಾಗಿದ ಹಲಸು, ಮಾವಿನ ಗೆಲ್ಲು, ಬೇಲಿಯ ಗೊಬ್ಬರದ ಗಿಡ, ಅಂಗಳದ ಅಂಚಿನ ಅಕೇಶಿಯಾ, ಇಷ್ಟೇ. ವರ್ಷಕ್ಕೆ ಎರಡೋ ಮೂರೋ ದಿನ, ದಿನಕ್ಕೆ ಒಂದೆರಡು ಗಂಟೆ. ಎಕರೆಗಟ್ಟಲೆ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಗೆಲ್ಲು ಸವರುವ ಕೆಲಸ) ಮಾಡಿಸುವವರು ಇದನ್ನು ಓದಿ ತೀರ್ಮಾನಕ್ಕೆ ಬರಬಾರದು, ಅವರ ಕೆಲಸಕ್ಕೆ ಪ್ರತ್ಯೇಕ ಯಂತ್ರವೇ ಸರಿ.

ಹೋಲಿಕೆಗೆ ಇಟ್ಟುಕೊಂಡದ್ದು ಮೂರು. ಉದ್ದ ಸರಿಹೊಂದಿಸಬಹುದಾದ, ಗೆಲ್ಲು ಕಡಿಯಲಿಕ್ಕೆಂದೇ ಮಾಡಿದ ಟೂ ಸ್ಟ್ರೋಕ್ ಪೋಲ್ ಸಾ. ಹೊಂಡಾ ಜಿಎಕ್ಸ್35 ಎಂಜಿನ್ ಇರುವ ಫೋರ್ ಸ್ಟ್ರೋಕ್ ಬ್ರಷ್ ಕಟರ್, ಜೊತೆಗೆ 10 ಇಂಚು ಬಾರ್‌ನ (ಚೈನ್ ಸುತ್ತ ಓಡುವ ಪಟ್ಟಿ) ಗರಗಸದ ಜೋಡಣೆ. ಮೂರನೆಯದು ಆನ್‌ಲೈನ್‌ನಲ್ಲಿ ‘ಒಂದರಲ್ಲೇ ಐದು’ ಎಂದು ಮಾರುವ 52 ಸಿಸಿ ಟೂ ಸ್ಟ್ರೋಕ್ ಸೆಟ್.

ಕಡಿಯುವ ಕೆಲಸವೊಂದನ್ನೇ ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ, ಅದರಲ್ಲಿ ವಾದವಿಲ್ಲ. ತೂಕ ಸರಿಯಾಗಿ ಹಂಚಿರುತ್ತದೆ, ತಲೆ ಸಣ್ಣದು, ಗೆಲ್ಲುಗಳ ನಡುವೆ ಸಲೀಸಾಗಿ ನುಗ್ಗುತ್ತದೆ. ಎತ್ತರದಲ್ಲೂ ಅದೇ ಮುಂದು. ಆದರೆ ಜಾಹೀರಾತಿನ ‘16 ಅಡಿ ರೀಚ್’ ನಂಬಬೇಡಿ, ಅದರಲ್ಲಿ ಮನುಷ್ಯನ ಎತ್ತರವೂ ಸೇರಿದೆ. ಸುರಕ್ಷತೆಗಾಗಿ ಕೋಲನ್ನು ನೆಲಕ್ಕೆ 60 ಡಿಗ್ರಿಗಿಂತ ಕಡಿದಾಗಿ ಎತ್ತಬಾರದು. 3.9 ಮೀಟರ್‌ಗೆ ಎಳೆದ ಕೋಲನ್ನು ಆ ಕೋನದಲ್ಲಿ, ಹಿಂಬದಿ ಸೊಂಟದ ಮಟ್ಟಕ್ಕೆ ಬರುವಂತೆ ಹಿಡಿದರೆ ಗರಗಸ ಮುಟ್ಟುವುದು ಸುಮಾರು 4.4 ಮೀಟರ್, ಅಂದರೆ ಹದಿನಾಲ್ಕೂವರೆ ಅಡಿ. ಬ್ರಷ್ ಕಟರ್‌ನ ಕೋಲು ಎಕ್ಸ್‌ಟೆನ್ಷನ್ ಪೈಪ್ ಸೇರಿ 2.5 ಮೀಟರ್ ಆದರೆ ಅದೇ ಲೆಕ್ಕದಲ್ಲಿ 3.2 ಮೀಟರ್ ಮಾತ್ರ, ಹತ್ತೂವರೆ ಅಡಿ. ಈ ನಾಲ್ಕಡಿ ವ್ಯತ್ಯಾಸ ನಿಮ್ಮ ಮರಗಳಿಗೆ ಮುಖ್ಯವೋ ಅಲ್ಲವೋ ಎಂಬುದನ್ನು ಕೊಳ್ಳುವ ಮುಂಚೆ ಒಂದು ದೋಟಿ ಹಿಡಿದು ಅಳೆದುಕೊಳ್ಳಿ. ಹಂಚಿನ ಮಾಡಿನ ಅಂಚಿಗೆ ಬಾಗಿದ ಗೆಲ್ಲು ಸಾಮಾನ್ಯವಾಗಿ ಹತ್ತಡಿಯೊಳಗೇ ಸಿಗುತ್ತದೆ.

ಹಾಗಿದ್ದರೆ ಆ ಪೋಲ್ ಸಾ ಯಾಕೆ ಬೇಡ? ವರ್ಷದಲ್ಲಿ ಮುನ್ನೂರರವತ್ತು ದಿನ ಅದು ಗೋಡೆಗೆ ಒರಗಿರುತ್ತದೆ. ಸಣ್ಣ ಎಂಜಿನ್ ಹಾಳಾಗುವುದು ದುಡಿದು ಅಲ್ಲ, ಕೂತು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 (ಶೇ. 20 ಎಥೆನಾಲ್ ಬೆರೆತ) ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು, ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿ ಎಥೆನಾಲ್ ಶೇ. 10 ಮೀರಬಾರದು ಎನ್ನುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಆಷಾಢದ ಗಾಳಿಯಲ್ಲಿ ಅದಕ್ಕೇನು ಬರ! ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಜೊತೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಟೂ ಸ್ಟ್ರೋಕ್‌ಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಫಿಲ್ಟರ್ ಇರುವುದು ತಳದಲ್ಲಿ. ಎಂಜಿನ್ ಹಾಗೂ ಹೀಗೂ ಸ್ಟಾರ್ಟ್ ಆದರೂ ಆಯಿಲ್ ಇಲ್ಲದ ಇಂಧನ ಕುಡಿದು ಪಿಸ್ಟನ್ ಕಚ್ಚಿಕೊಳ್ಳಬಹುದು. ಅಷ್ಟು ಆಗದಿದ್ದರೂ ಕಾರ್ಬ್ಯುರೇಟರ್‌ನ ಡಯಾಫ್ರಂ ಗಡುಸಾಗುತ್ತದೆ, ಪ್ರೈಮರ್ ಬಲ್ಬ್ ಒಡೆಯುತ್ತದೆ, ಇಂಧನದ ಸಣ್ಣ ಕೊಳವೆ ಬಿರುಕು ಬಿಡುತ್ತದೆ. ಬ್ರಷ್ ಕಟರ್ ಹಾಗಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ಕಳೆ ಹೊಡೆಯಲು ಎರಡು ಮೂರು ವಾರಕ್ಕೊಮ್ಮೆ ಹೊರಗೆ ಬರುತ್ತದೆ, ಇಂಧನ ಹಳತಾಗಲು ಬಿಡುವಿಲ್ಲ. ಜಿಎಕ್ಸ್35 ಫೋರ್ ಸ್ಟ್ರೋಕ್ ಆದ್ದರಿಂದ ಬೆರೆಸುವ ಗೋಜೂ ಇಲ್ಲ: 35.8 ಸಿಸಿ, ಒಳಗೆ 100 ಎಂಎಲ್ ಎಂಜಿನ್ ಆಯಿಲ್, ಯಾವ ಕೋನದಲ್ಲಿ ಹಿಡಿದರೂ ಓಡುತ್ತದೆ. ಆ 100 ಎಂಎಲ್ ಮೀರಿಸಿ ಹಾಕಿದರೆ ಮಾತ್ರ ಬಿಳಿ ಹೊಗೆ ಬರುತ್ತದೆ, ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆಯುತ್ತದೆ.

ಇನ್ನು ಆ ‘ಹೊಂದುವ’ ವಿಷಯ.

ಗರಗಸದ ಜೋಡಣೆಗಳಲ್ಲಿ ಎರಡು ಜಾತಿ. ಒಂದು, ಬ್ರಷ್ ಕಟರ್‌ನ ಕೋಲು ನಡುವೆ ಎರಡು ತುಂಡಾಗುವಂತಿದ್ದರೆ ಕೆಳಗಿನ ತುಂಡನ್ನು ಕಳಚಿ ಅಲ್ಲಿಗೇ ಸಿಕ್ಕಿಸುವಂಥದ್ದು. ಇದು ಅದೇ ಕಂಪನಿಯದಾದರೆ ಯೋಚನೆಯೇ ಬೇಡ. ಇನ್ನೊಂದು, ಕೋಲು ಒಂದೇ ತುಂಡಿದ್ದಾಗ ತುದಿಯ ಹುಲ್ಲಿನ ಗೇರ್‌ಬಾಕ್ಸ್ ಬಿಚ್ಚಿ ಅದರ ಜಾಗಕ್ಕೆ ಗರಗಸದ ಗೇರ್‌ಬಾಕ್ಸ್ ಹಾಕುವಂಥದ್ದು. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಒಂದೇ ತುಂಡಿನ ಕೋಲು. ಮಾರುವವರು ‘ಎಲ್ಲ ಬ್ರಷ್ ಕಟರ್‌ಗೂ ಆಗುತ್ತದೆ’ ಎಂದು ಬರೆದಿರುತ್ತಾರೆ. ಆಗುವುದಿಲ್ಲ. ಪೈಪ್‌ನ ಹೊರವ್ಯಾಸ 26 ಮಿ.ಮೀ. ಇರಬಹುದು, 28 ಇರಬಹುದು. ಒಳಗೆ ತಿರುಗುವ ಶಾಫ್ಟ್‌ನ ತುದಿಗೆ 7 ಹಲ್ಲು ಇರಬಹುದು, 9 ಇರಬಹುದು, ಕೆಲವಕ್ಕೆ ಹಲ್ಲೇ ಇಲ್ಲದೆ ಚೌಕ ತುದಿ. ಇವೆರಡೂ ಹೊಂದಿದರೂ ಮೂರನೆಯದೊಂದು ಉಳಿಯುತ್ತದೆ, ಅದನ್ನು ಯಾರೂ ಬರೆಯುವುದೇ ಇಲ್ಲ: ಶಾಫ್ಟ್ ಪೈಪ್‌ನಿಂದ ಎಷ್ಟು ಹೊರಗೆ ಚಾಚಿದೆ ಎಂಬುದು. ಚಾಚು ಕಡಿಮೆಯಾದರೆ ಹಲ್ಲುಗಳು ನಾಲ್ಕೈದು ಮಿ.ಮೀ. ಮಾತ್ರ ಕಚ್ಚಿಕೊಳ್ಳುತ್ತವೆ. ಮೊದಲ ದಿನ ಚೆನ್ನಾಗಿಯೇ ಕಡಿಯುತ್ತದೆ. ಯಾವುದೋ ದಪ್ಪ ಗೆಲ್ಲಿನಲ್ಲಿ ಚೈನ್ ಸಿಕ್ಕಿಕೊಂಡ ಕ್ಷಣ ಶಾಫ್ಟಿನ ಹಲ್ಲು ಬೋಳಾಗಿ, ಎಂಜಿನ್ ಬೊಬ್ಬೆ ಹಾಕುತ್ತದೆ, ಚೈನ್ ನಿಂತೇ ಇರುತ್ತದೆ. ಹಾಳಾದದ್ದು ಹೊಸ ಜೋಡಣೆ ಮಾತ್ರವಲ್ಲ, ಬ್ರಷ್ ಕಟರ್‌ನ ಶಾಫ್ಟ್ ಕೂಡ. ಅಲ್ಲಿಗೆ ಕಳೆ ಹೊಡೆಯುವುದೂ ನಿಂತಿತು.

ಆದ್ದರಿಂದ ಆರ್ಡರ್ ಮಾಡುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ತೆಗೆಯಿರಿ. ಹುಲ್ಲಿನ ತಲೆಯ ಬಳಿ ಪೈಪನ್ನು ಬಿಗಿಹಿಡಿದ ಅಲೆನ್ ಬೋಲ್ಟ್‌ಗಳನ್ನು ಸಡಿಲಿಸಿ, ತಲೆ ತಿರುಗದಂತೆ ಪೈಪ್‌ನ ತೂತಿಗೆ ಕೂತ ಸಣ್ಣ ಸ್ಕ್ರೂವನ್ನು ಪೂರ್ತಿ ತೆಗೆದು, ತಲೆಯನ್ನು ನೇರವಾಗಿ ಹೊರಗೆಳೆಯಿರಿ. ಪೈಪನ್ನು ವರ್ನಿಯರ್‌ನಲ್ಲಿ (ಮಿ.ಮೀ. ನಿಖರವಾಗಿ ಅಳೆಯುವ ಕ್ಯಾಲಿಪರ್) ಅಳೆಯಿರಿ, ಟೇಪಿನಲ್ಲಿ 26ಕ್ಕೂ 28ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಹಲ್ಲಿಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ ಎಣಿಸಿ, ಗುರುತಿಲ್ಲದೆ ಎಣಿಸಿದರೆ ಏಳು ಎಂಟಾಗುತ್ತದೆ, ಎಂಟು ಒಂಬತ್ತಾಗುತ್ತದೆ. ಚಾಚು ಎಷ್ಟು ಮಿ.ಮೀ. ಎಂದು ಬರೆದುಕೊಳ್ಳಿ. ಮೂರು ಸಂಖ್ಯೆ, ಒಂದು ಫೋಟೋ ಮಾರುವವನಿಗೆ ಕಳಿಸಿ, ಹೊಂದುತ್ತದೆಯೇ ಎಂದು ಕೇಳಿ. ಉತ್ತರ ಕೊಡದವನ ಬಳಿ ಕೊಳ್ಳಬೇಡಿ.

28ರ ತಲೆಯನ್ನು 26ರ ಪೈಪಿಗೆ ತಗಡು ಸುತ್ತಿ ಕೂರಿಸಿಕೊಡುವ ವರ್ಕ್‌ಶಾಪ್‌ನವರು ಇದ್ದಾರೆ. ಒಪ್ಪಬೇಡಿ. ತಗಡಿನ ಮೇಲೆ ತಲೆ ನಡುವಿಗೆ ಕೂರುವುದಿಲ್ಲ. ಶಾಫ್ಟ್ ಸೊಟ್ಟ ತಿರುಗಿ ಪೈಪಿನೊಳಗಿನ ಬುಷ್ ತಿನ್ನುತ್ತದೆ, ಕೈ ಜೋಮು ಹಿಡಿಯುವಷ್ಟು ನಡುಕ. ಸರಿಯಾದ ತಲೆಯೇ ಬಂದಿದ್ದರೂ ಸುತ್ತಿಗೆ ಮುಟ್ಟಬಾರದು. ಕೈಗವಸು ಹಾಕಿ ಚೈನನ್ನು ನಿಧಾನ ಎಳೆಯುತ್ತಾ ತಲೆಯನ್ನು ಒತ್ತಿದರೆ ಹಲ್ಲು ತಾನೇ ಕೂರುತ್ತದೆ, ಕೊನೆಯ ಎರಡು ಮೂರು ಮಿ.ಮೀ. ಒಳಗೆ ಜಾರಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಚೈನ್ ಎಳೆದಾಗ ಪೈಪಿನೊಳಗೆ ಶಾಫ್ಟ್ ತಿರುಗುವ ಸದ್ದು ಕೇಳಬೇಕು. ಚೈನ್ ಹಗುರವಾಗಿ ಓಡಿ ಪೈಪ್ ಮೌನವಾಗಿದ್ದರೆ ಹಲ್ಲು ಕೂತಿಲ್ಲ.

ಜೋಡಿಸಿದ ಮೇಲೆ ಬೆಲ್ಟ್‌ನ ಕೊಂಡಿಯನ್ನೂ ಸ್ವಲ್ಪ ಮುಂದಕ್ಕೆ ಸರಿಸಬೇಕು, ಗರಗಸದ ತಲೆ ಮುಂದಕ್ಕೆ ಭಾರ. ಆಕ್ಸಿಲೇಟರ್ ಬಿಟ್ಟಾಗ ಚೈನ್ ನಿಲ್ಲದಿದ್ದರೆ ಐಡಲ್ ಸ್ಕ್ರೂ ಸಡಿಲಿಸಿ ಎಂಜಿನ್‌ನ ಐಡಲ್ ವೇಗ ಇಳಿಸಿ.

52 ಸಿಸಿ ಸೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಲೆ ಕಡಿಮೆ, ಎಲ್ಲ ತಲೆಗಳೂ ಅದಕ್ಕೇ ಮಾಡಿದವಾದ್ದರಿಂದ ಹೊಂದಾಣಿಕೆಯ ಕಾಟವಿಲ್ಲ, ಶಕ್ತಿಯೂ ಬೇಕಾದ್ದಕ್ಕಿಂತ ಜಾಸ್ತಿ. ಆದರೆ ಭಾರ, ನಡುಕ, ಮತ್ತೆ ಅದೇ ಟೂ ಸ್ಟ್ರೋಕ್ ಮಿಶ್ರಣ. ಕೊಂಡೇ ಕೊಳ್ಳುವುದಾದರೆ ಕೈಪಿಡಿಯ ಅನುಪಾತ ನೋಡಿ: 25:1 ಎಂದಿದ್ದರೆ ಲೀಟರಿಗೆ 40 ಎಂಎಲ್, 50:1 ಎಂದಿದ್ದರೆ 20 ಎಂಎಲ್. ಒಂದು ದಿನದ ಕೆಲಸಕ್ಕೆ ಅರ್ಧ ಲೀಟರಿನಿಂದ ಶುರು ಮಾಡಿ, ಸಾಲದಿದ್ದರೆ ಮತ್ತೆ ಬೆರೆಸಿ. ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ಬರಿದು ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಇದನ್ನು ತಪ್ಪದೆ ಮಾಡುವ ಶಿಸ್ತು ಇದ್ದವರಿಗೆ ಪ್ರತ್ಯೇಕ ಪೋಲ್ ಸಾ ಕೂಡ ಬಹಳ ವರ್ಷ ಬಾಳುತ್ತದೆ. ನನಗಿಲ್ಲ.

ಬ್ಯಾಟರಿಯ ಅಗ್ಗದ ಕೋಲುಗರಗಸಗಳ ಮೇಲೆ 48 ವೋಲ್ಟ್, 88 ವೋಲ್ಟ್ ಎಂದು ಏನೇನೋ ಬರೆದಿರುತ್ತದೆ. ಒಂದರ ಹಿಂದೊಂದು ಸಾಲಾಗಿ ಐದು ಲಿಥಿಯಂ ಸೆಲ್ ಜೋಡಿಸಿದ್ದರೆ ಪೂರ್ಣ ಚಾರ್ಜ್‌ನಲ್ಲೂ 21 ವೋಲ್ಟ್ ಅಷ್ಟೇ. ನುಗ್ಗೆ, ದಾಸವಾಳಕ್ಕೆ ಸಾಕು. ಎರಡೂವರೆ ಇಂಚಿನೊಳಗಿನ ಗೆಲ್ಲುಗಳೇ ಇರುವುದಾದರೆ ಅದೂ ಬೇಡ, ಬಾಗಿದ ಅಲಗಿನ ಕೈಗರಗಸವನ್ನು ಕೋಲಿಗೆ ಕಟ್ಟಿಕೊಳ್ಳಿ. ಎಳೆಯುವಾಗ ಕಡಿಯುವ ಹಲ್ಲಿನದ್ದೇ ತನ್ನಿ.

ಮೂರಕ್ಕೂ ಅನ್ವಯಿಸುವ ಮಾತು ಚೈನ್‌ದು. ಹಲಸಿನ ಮೇಣ ಚೈನಿಗೂ ಬಾರ್‌ನ ಅಂಚಿನ ಸೀಳಿಗೂ ಅಂಟಿ ಮಾರನೆಯ ದಿನಕ್ಕೆ ಗಟ್ಟಿಯಾಗುತ್ತದೆ, ಅಂದೇ ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಸವರಿಡಿ. ತೆಂಗಿನ ಗರಿ, ನಾರಿಗೆ ಈ ಗರಗಸ ಹಿಡಿಯಲೇಬೇಡಿ, ನಾರು ಚಕ್ರಕ್ಕೆ ಸುತ್ತಿ ಚೈನ್ ಹಾರುತ್ತದೆ. ಬಿಸಿಯಿದ್ದಾಗ ಬಿಗಿ ಮಾಡಿದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲಿಸಿ, ತಣ್ಣಗಾದಾಗ ಅದು ಕುಗ್ಗಿ ಬಾರನ್ನು ಹಿಂಡುತ್ತದೆ. ಈ ಗಾತ್ರದಲ್ಲಿ ಸಾಮಾನ್ಯವಾಗಿ ಬರುವ ಸಣ್ಣ ಹಲ್ಲಿನ 3/8 ಚೈನಿಗೆ 4 ಮಿ.ಮೀ. ದುಂಡು ಅರ. ಚೈನಿಗೆ ಎಣ್ಣೆ ಕೊಡುವ ಟ್ಯಾಂಕಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವ ಉಳಿತಾಯ ಬೇಡ, ಅದರಲ್ಲಿರುವ ಲೋಹದ ಪುಡಿ ಪಂಪ್ ಕೆಡಿಸುತ್ತದೆ. ಇನ್ನೊಂದು: ಎಣ್ಣೆಯ ಟ್ಯಾಂಕ್ ತುಂಬಿಟ್ಟು ಮಲಗಿಸಿದರೆ ಹೆಚ್ಚಿನ ಜೋಡಣೆಗಳು ಸೋರುತ್ತವೆ. ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ, ಖಾಲಿ ಮಾಡಿ ಇಡಿ.

ನಾಲ್ಕಿಂಚಿಗಿಂತ ದಪ್ಪದ ಗೆಲ್ಲನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ ಅರ್ಧಕ್ಕೆ ಸೀಳಿ, ತೊಗಟೆ ಕಾಂಡದವರೆಗೂ ಸುಲಿದುಕೊಂಡು ಬರುತ್ತದೆ. ತುದಿಯಿಂದ ಒಂದೊಂದೂವರೆ ಅಡಿಯ ತುಂಡುಗಳಾಗಿ ಇಳಿಸುತ್ತಾ ಬನ್ನಿ. ಕೊನೆಯ ತುಂಡಿಗೆ ಮೊದಲು ಕೆಳಗಿನಿಂದ ದಪ್ಪದ ಕಾಲುಭಾಗ, ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಹೊರಗೆ ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಬುಡದ ಉಬ್ಬು ಬಿಟ್ಟು ಸವರಿದರೆ ಗಾಯ ಬೇಗ ಮುಚ್ಚುತ್ತದೆ. ಗೆಲ್ಲಿನ ನೇರ ಕೆಳಗೆ ನಿಲ್ಲಬೇಡಿ, ಮಾವಿನದಾದರೆ ಸೊನೆಗೂ ಎಚ್ಚರ.

ಮೆಸ್ಕಾಂನ ವಿದ್ಯುತ್ ತಂತಿ ಹತ್ತಿರವಿದ್ದರೆ ಮೂರರಲ್ಲಿ ಯಾವುದೂ ಬೇಡ. ಕೋಲು ಅಲ್ಯೂಮಿನಿಯಂ, ವಿದ್ಯುತ್ ಹರಿಯುತ್ತದೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ. ಕೈಪಿಡಿಗಳು ತಂತಿಯಿಂದ 15 ಮೀಟರ್ ದೂರವಿರಿ ಎನ್ನುವುದು ಸುಮ್ಮನೆ ಅಲ್ಲ. ಅಂಥ ಗೆಲ್ಲಿಗೆ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ, ಮರ ಹತ್ತಿ ಕಡಿಯುವ ಅನುಭವಿಗಳನ್ನೇ ಕರೆಯಿರಿ.

ಹಣದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಒಳ್ಳೆಯ ಪೋಲ್ ಸಾ ಒಂದಕ್ಕೆ ಕೊಡುವ ದುಡ್ಡಿಗೆ ಫೋರ್ ಸ್ಟ್ರೋಕ್ ಬ್ರಷ್ ಕಟರ್, ಗರಗಸದ ಜೋಡಣೆ, ಎರಡು ಹೆಚ್ಚುವರಿ ಚೈನ್, ಕಣ್ಣು ಕಿವಿಗೆ ರಕ್ಷಣೆಯಿರುವ ಹೆಲ್ಮೆಟ್ ಇಷ್ಟೂ ಬರುತ್ತದೆ. ಬ್ರಷ್ ಕಟರ್ ಈಗಾಗಲೇ ಇದ್ದವರು ಜೋಡಣೆಗೆ ದುಡ್ಡು ಹಾಕುವ ಮುಂಚೆ ವರ್ನಿಯರ್ ಒಂದನ್ನು ಎರವಲು ತನ್ನಿ.