ಚಂದ್ರನ ಕುಳಿಗಳಿಗೆ ಯಾವ ಕ್ಯಾಮೆರಾ: ಫೋನ್, ಡಿಎಸ್‌ಎಲ್‌ಆರ್, ಪ್ಲಾನೆಟರಿ ಕ್ಯಾಮೆರಾಗಳ ಹೋಲಿಕೆ

ಒಂದೇ ಟೆಲಿಸ್ಕೋಪಿಗೆ ಫೋನ್, ಡಿಎಸ್‌ಎಲ್‌ಆರ್, ಪ್ಲಾನೆಟರಿ ಕ್ಯಾಮೆರಾ (ಕಣ್ಣಿಡುವ ಮಸೂರದ ಜಾಗದಲ್ಲಿ ಕೂತು ವೇಗವಾಗಿ ವಿಡಿಯೋ ತೆಗೆಯುವ ಪುಟ್ಟ ಕ್ಯಾಮೆರಾ) ಮೂರನ್ನೂ ಸರದಿಯಂತೆ ಹಾಕಿ, ಅವೇ ಕುಳಿಗಳ ಚಿತ್ರ ತೆಗೆದು ನೋಡಿದ್ದರ ಫಲಿತಾಂಶ ಇದು. ಟೆಲಿಸ್ಕೋಪ್ 150 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಬಗೆ), ಚಂದ್ರನನ್ನು ಹಿಂಬಾಲಿಸುವ ಮೋಟಾರ್ ಇಲ್ಲ. ಆರಿಸಿಕೊಂಡದ್ದು ಶುಕ್ಲಪಕ್ಷದ ನವಮಿ, ದಶಮಿ. ಆಗ ಪ್ಲೇಟೋ, ಕ್ಲೇವಿಯಸ್, ಕೋಪರ್ನಿಕಸ್ ಕುಳಿಗಳು ಮೂರೂ ಬೆಳಕು-ಕತ್ತಲೆಯ ಗಡಿಯ ಆಸುಪಾಸಿನಲ್ಲಿರುತ್ತವೆ. ಹುಣ್ಣಿಮೆಯ ದಿನ ಈ ಕೆಲಸಕ್ಕೆ ಇಳಿಯಲೇಬಾರದು. ನೆರಳಿಲ್ಲದಿದ್ದರೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕೂಡ ಬರೀ ಬಿಳಿ ಮಚ್ಚೆ.

ಪರೀಕ್ಷೆಗೆ ಒಡ್ಡಿದ್ದು ಪ್ಲೇಟೋವನ್ನು. ಸುಮಾರು 100 ಕಿ.ಮೀ. ಅಗಲದ ಅದರ ಕಪ್ಪು, ನುಣುಪು ನೆಲದ ಮೇಲೆ ಎರಡು-ಮೂರು ಕಿ.ಮೀ.ಯ ಪುಟ್ಟ ಕುಳಿಗಳಿವೆ. ಚಂದ್ರನ ಮೇಲೆ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು) ಎಂದರೆ ಸುಮಾರು 1.9 ಕಿ.ಮೀ.; 150 ಮಿ.ಮೀ. ಕನ್ನಡಿ 0.77 ಆರ್ಕ್‌ಸೆಕೆಂಡಿನವರೆಗೆ ಬಿಡಿಸಿ ತೋರಿಸಬಲ್ಲದು. ಕನ್ನಡಿಗೆ ಕಾಣುವುದನ್ನು ಯಾವ ಕ್ಯಾಮೆರಾ ಹಿಡಿದು ತರುತ್ತದೆ ಎಂಬುದಷ್ಟೇ ಪ್ರಶ್ನೆ.

ಫೋನ್ ಕೈಯಲ್ಲಿ ಹಿಡಿದರೆ ಹತ್ತರಲ್ಲಿ ಒಂಬತ್ತು ಚಿತ್ರ ಹಾಳು. ಮೂರು ದಿಕ್ಕಿಗೂ ತಿರುಪು ಇರುವ ಹಿಡಿಕೆ ಬೇಕೇ ಬೇಕು. ಹೆಚ್ಚಿನವರು 25 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕುತ್ತಾರೆ, ಅಲ್ಲೇ ಎಡವುವುದು. ಅದರಿಂದ ಹೊರಬರುವ ಬೆಳಕಿನ ಕಂಬ 3.1 ಮಿ.ಮೀ. ದಪ್ಪ, ಫೋನಿನ ಲೆನ್ಸ್ ಬಾಯಿ 2.8 ಮಿ.ಮೀ. ಇದ್ದರೆ ಅಂಚಿನ ಬೆಳಕು ಒಳಗೆ ಹೋಗದೆ ನಿಮ್ಮ ಕನ್ನಡಿ 135 ಮಿ.ಮೀ.ಗೆ ಇಳಿದಂತೆ. 10 ಮಿ.ಮೀ. ಐಪೀಸಿನಲ್ಲಿ 120 ಪಟ್ಟು ವರ್ಧನೆ, ಕಂಬ 1.25 ಮಿ.ಮೀ. ಮಾತ್ರ, ಎಲ್ಲ ಬೆಳಕೂ ಒಳಗೆ. ಮುಖ್ಯ ಲೆನ್ಸನ್ನೇ ಬಳಸಿ, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, ಕುಳಿಯ ಹೊಳೆಯುವ ಅಂಚಿನಲ್ಲಿ ವಿವರ ಕಾಣುವವರೆಗೆ ಬೆಳಕು ತಗ್ಗಿಸಿ. ನೈಟ್ ಮೋಡ್ ಬೇಡ; ಅದು ಇಲ್ಲದ ಗೆರೆಗಳನ್ನು ಬಳಿಯುತ್ತದೆ. ಕೋಪರ್ನಿಕಸ್‌ನ ಮೆಟ್ಟಿಲುಗೋಡೆ, ನಡುವಿನ ಶಿಖರಗಳು, ಕ್ಲೇವಿಯಸ್ ಒಳಗಿನ ಕುಳಿಗಳ ಕಮಾನು ಚೆನ್ನಾಗಿಯೇ ಬಂದವು. ಪ್ಲೇಟೋ ನೆಲ ಮಾತ್ರ ಖಾಲಿ.

ಡಿಎಸ್‌ಎಲ್‌ಆರ್ ಶಕ್ತಿ ಬೇರೆ ಕಡೆ ಇದೆ. ಐಪೀಸ್ ಇಲ್ಲದೆ ನೇರ ನಾಭಿಯಲ್ಲಿ ಚಂದ್ರನ ಬಿಂಬ 11 ಮಿ.ಮೀ.; ಎಪಿಎಸ್-ಸಿ (ಸುಮಾರು 22×15 ಮಿ.ಮೀ.) ಸೆನ್ಸರಿನಲ್ಲಿ ಇಡೀ ಚಂದ್ರ ಒಂದೇ ಚೌಕಟ್ಟಿಗೆ ಬರುತ್ತಾನೆ. ಐಎಸ್‌ಒ 400, 1/125 ಸೆಕೆಂಡ್ ಸಾಕು. ಆದರೆ ನ್ಯೂಟೋನಿಯನ್ ಬಗೆಯ (ಡಾಬ್ಸೋನಿಯನ್ ಕೂಡ ಇದೇ ಬಗೆ) ಹಲವು ಟೆಲಿಸ್ಕೋಪುಗಳಲ್ಲಿ ಫೋಕಸರ್ ಪೂರ್ತಿ ಒಳಗೆ ತಳ್ಳಿದರೂ ಫೋಕಸ್ ಸಿಗುವುದಿಲ್ಲ, ಏಕೆಂದರೆ ಕ್ಯಾಮೆರಾದೊಳಗೆ ಸೆನ್ಸರ್ ಹಿಂದಕ್ಕೆ ಕೂತಿರುತ್ತದೆ. 2 ಪಟ್ಟಿನ ಬಾರ್ಲೋ (ಬಿಂಬ ಹಿಗ್ಗಿಸುವ ಮಸೂರ) ನಾಭಿಯನ್ನು ಹೊರಕ್ಕೆ ತಳ್ಳಿ ಇದನ್ನು ಪರಿಹರಿಸುತ್ತದೆ, ಆಗ ಇಡೀ ಚಂದ್ರ ಸಿಗುವುದಿಲ್ಲ. ಕ್ಯಾಮೆರಾದ ಭಾರಕ್ಕೆ ಕೊಳವೆ ಮೂತಿ ಇಳಿಬಿಡುತ್ತದೆ. ಬುಡದಲ್ಲಿ ಎದುರುಭಾರ ಕಟ್ಟಬೇಕು. ಒಳಗಿನ ಕನ್ನಡಿ ಬಡಿದು ಚಿತ್ರ ಅದುರದಂತೆ ಲೈವ್ ವ್ಯೂ, 2 ಸೆಕೆಂಡ್ ಟೈಮರ್ ಎರಡೂ ಇಡಿ. ಬಾರ್ಲೋ ಹಾಕಿ ತೆಗೆದ ಹತ್ತಾರು ಚಿತ್ರಗಳಲ್ಲಿ ಒಂದೆರಡರಲ್ಲಿ ಮಾತ್ರ ಪ್ಲೇಟೋ ನಡುವಿನ ಕುಳಿ ಚುಕ್ಕೆಯಂತೆ ಕಂಡಿತು.

ಒಂದೆರಡರಲ್ಲೇ ಏಕೆ? ಗಾಳಿ. ವಾತಾವರಣದ ಕಂಪನದಲ್ಲಿ ಕುಳಿಯ ಅಂಚು ಕುದಿಯುವ ನೀರಿನ ತಳದ ಕಲ್ಲಿನಂತೆ ಅಲುಗುತ್ತದೆ, ಕ್ಷಣಮಾತ್ರ ನಿಲ್ಲುತ್ತದೆ. ಒಂಟಿ ಚಿತ್ರ ಆ ಕ್ಷಣದ ಮೇಲೆ ಕಟ್ಟಿದ ಜೂಜು.

ಪ್ಲಾನೆಟರಿ ಕ್ಯಾಮೆರಾ ಗೆದ್ದದ್ದು ಇಲ್ಲೇ. 2.9 ಮೈಕ್ರಾನ್ ಪಿಕ್ಸೆಲ್, 2 ಪಟ್ಟು ಬಾರ್ಲೋ ಸೇರಿ ಎಫ್/16 (ನಾಭಿದೂರ ಕನ್ನಡಿಯ ಅಗಲದ 16 ಪಟ್ಟು), ಅಂದರೆ ಪಿಕ್ಸೆಲ್‌ಗೆ 0.25 ಆರ್ಕ್‌ಸೆಕೆಂಡ್. ನೋಟದ ಅಗಲ ಬರೀ 8 ಆರ್ಕ್‌ಮಿನಿಟ್ (ಡಿಗ್ರಿಯ 60ರಲ್ಲಿ 8 ಪಾಲು). ಮೋಟಾರಿಲ್ಲದೆ ಕುಳಿ ಅರ್ಧ ನಿಮಿಷದಲ್ಲಿ ದಾಟಿಹೋಗುತ್ತದೆ. ಅಷ್ಟೇ ಸಾಕು: ಸೆಕೆಂಡಿಗೆ 60ರಂತೆ ಸುಮಾರು 1800 ಚೌಕಟ್ಟು. ಎಕ್ಸ್‌ಪೋಶರ್ 5ರಿಂದ 10 ಮಿಲಿಸೆಕೆಂಡ್, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) 70 ಶೇಕಡಾ ದಾಟಬಾರದು. ಫೋಕಸ್ ಗುಬ್ಬಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಅದರ ತುದಿಯನ್ನು ತಳ್ಳಿದರೆ ಕೂದಲೆಳೆಯಷ್ಟು ಸರಿಸಬಹುದು, ಕೊಳವೆಯೂ ಕಡಿಮೆ ಅದುರುತ್ತದೆ. ಆಟೋಸ್ಟ್ಯಾಕರ್ಟ್ ತಂತ್ರಾಂಶದಲ್ಲಿ ಅತ್ಯುತ್ತಮ ಶೇ. 10-15 ಚೌಕಟ್ಟು ಮಾತ್ರ ಇಟ್ಟುಕೊಂಡು ಒಂದರ ಮೇಲೊಂದು ಪೇರಿಸಿ (ಸ್ಟ್ಯಾಕ್ ಮಾಡಿ), ರೆಜಿಸ್ಟ್ಯಾಕ್ಸ್ ತಂತ್ರಾಂಶದಲ್ಲಿ ವೇವ್ಲೆಟ್ (ವಿವರ ಚುರುಕುಗೊಳಿಸುವ ಸಂಸ್ಕರಣೆ) ಕೊಟ್ಟಾಗ ಪ್ಲೇಟೋ ನೆಲದಲ್ಲಿ ನಾಲ್ಕು ಕುಳಿಗಳು ಸ್ಪಷ್ಟವಾಗಿ ಮೂಡಿದವು.

ಆದರೂ ಹೊಸ ಕ್ಯಾಮೆರಾಕ್ಕೆ ಹಣ ತೆಗೆದಿಡುವ ಮೊದಲು ಫೋನಿನಲ್ಲೇ 10 ಮಿ.ಮೀ. ಐಪೀಸ್ ಮೂಲಕ ಅರ್ಧ ನಿಮಿಷದ ವಿಡಿಯೋ ತೆಗೆದು ಸ್ಟ್ಯಾಕ್ ಮಾಡಿ ನೋಡಿ. ವಿಡಿಯೋ ಕುಗ್ಗಿಸುವಾಗ ವಿವರ ಸ್ವಲ್ಪ ಹೋದರೂ, ಡಿಎಸ್‌ಎಲ್‌ಆರ್‌ನ ಒಂಟಿ ಚಿತ್ರಕ್ಕಿಂತ ಕುಳಿಗಳ ಗೋಡೆ ಹೆಚ್ಚು ಚೊಕ್ಕವಾಗಿ ಬಂತು. ಮೂರಕ್ಕೂ ಮುನ್ನ ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಹೊರಗಿಟ್ಟು ತಣಿಸಿ, ಕನ್ನಡಿಗಳ ಕೊಲಿಮೇಶನ್ (ಒಂದಕ್ಕೊಂದು ನೇರವಾಗಿರುವ ಹೊಂದಿಕೆ) ನೋಡಿಕೊಳ್ಳಿ. ವೇವ್ಲೆಟ್ ಎಳೆಯುವಾಗ ಕುಳಿಯ ಅಂಚಿನ ಪಕ್ಕ ಎರಡನೆಯ ತೆಳು ಬಿಳಿ ಗೆರೆ ಕಂಡರೆ ಕೈ ಹಿಂದೆ ತೆಗೆಯಿರಿ. ಆ ಗೆರೆ ಚಂದ್ರನ ಮೇಲಿಲ್ಲ.