ಎಂಎಗೆ ಯಾವ ಯೂನಿವರ್ಸಿಟಿ? ರಾಜ್ಯದ ಸರ್ಕಾರಿ ವಿವಿಗಳಿಗೆ ನನ್ನ ರ‍್ಯಾಂಕ್ ಪಟ್ಟಿ

ಡಿಗ್ರಿ ಕೊನೆಯ ಸೆಮಿಸ್ಟರ್ ಮುಗಿಯುತ್ತಾ ಬಂದರೆ ನಮ್ಮ ಸ್ಟಾಫ್ ರೂಮಿಗೆ ಬರುವ ಮಕ್ಕಳದ್ದು ಒಂದೇ ಪ್ರಶ್ನೆ. "ಮೇಡಂ, ಎಂಎಗೆ ಯಾವ ಯೂನಿವರ್ಸಿಟಿ ಒಳ್ಳೇದು?" ನಾನು ಇತಿಹಾಸ ಪಾಠ ಮಾಡುವವಳು. ಹಾಗಾಗಿ ಈ ಪಟ್ಟಿ ಕಲಾ ವಿಷಯಗಳನ್ನು ಓದುವವರಿಗೆ. ಇಂಜಿನಿಯರಿಂಗ್, ಮೆಡಿಕಲ್, ಕೃಷಿ ವಿವಿಗಳ ಲೆಕ್ಕವೇ ಬೇರೆ.

ಮಕ್ಕಳು ಮೊಬೈಲ್‌ನಲ್ಲಿ ಎನ್‌ಐಆರ್‌ಎಫ್ ರ‍್ಯಾಂಕ್ ತೋರಿಸುತ್ತಾರೆ. ಕೇಂದ್ರ ಸರ್ಕಾರದ ಈ ಪಟ್ಟಿ 2016ರಿಂದ ಬರುತ್ತಿದೆ. 2024ರಲ್ಲಿ ರಾಜ್ಯ ಸರ್ಕಾರಿ ವಿವಿಗಳಿಗೇ ಬೇರೆ ಪಟ್ಟಿ ಮಾಡಿದರು. ಅದು ಒಳ್ಳೆಯದೇ ಆಯಿತು. ನೂರು ಅಂಕದಲ್ಲಿ ಬೋಧನೆ, ಸೌಕರ್ಯಕ್ಕೆ 30, ಸಂಶೋಧನೆಗೆ 30, ಓದು ಮುಗಿಸಿದವರ ಸಾಧನೆಗೆ 20, ಎಲ್ಲ ವರ್ಗದವರಿಗೂ ಅವಕಾಶ ಕೊಟ್ಟಿದ್ದಕ್ಕೆ 10, ಜನರ ಅಭಿಪ್ರಾಯಕ್ಕೆ 10. ಆದರೆ ಇದು ಇಡೀ ವಿವಿಗೆ ಬೀಳುವ ಅಂಕ. ಕೆಮಿಸ್ಟ್ರಿಯವರ ಸಂಶೋಧನೆಯಿಂದ ಬಂದ ರ‍್ಯಾಂಕ್ ನಂಬಿ ಕನ್ನಡ ಎಂಎಗೆ ಸೇರಿದರೆ ಏನು ಪ್ರಯೋಜನ? ನೀವು ಎರಡು ವರ್ಷ ಕೂರುವುದು ಒಂದೇ ಒಂದು ವಿಭಾಗದಲ್ಲಿ, ಅಲ್ವಾ?

ಅದಕ್ಕೇ ನಾನು ಯಾವ ವಿಭಾಗಕ್ಕೆ ಹೋದರೂ ಮೊದಲು ನೋಡುವುದು ನೋಟಿಸ್ ಬೋರ್ಡಿನ ಟೈಮ್ ಟೇಬಲ್. ಒಂದೊಂದು ಪೀರಿಯಡ್ ಮುಂದೆಯೂ ಮೇಷ್ಟ್ರ ಇನಿಷಿಯಲ್ ಇರುತ್ತದೆ. ಇದರಲ್ಲಿ ಕಾಯಂ ಯಾರು, ಅತಿಥಿ ಉಪನ್ಯಾಸಕರು ಯಾರು ಅಂತ ಅಲ್ಲಿಯ ಮಕ್ಕಳನ್ನು ಕೇಳುತ್ತೇನೆ. ಒಂದು ವಿಭಾಗದಲ್ಲಿ ಕಾಯಂ ಇದ್ದವರು ಇಬ್ಬರೇ. ಅವರಲ್ಲೂ ಒಬ್ಬರಿಗೆ ವಿಭಾಗದ ಮುಖ್ಯಸ್ಥರ ಕೆಲಸ, ಜೊತೆಗೆ ಹಾಸ್ಟೆಲ್ ವಾರ್ಡನ್ ಕೆಲಸ. ಉಳಿದ ಪಾಠವೆಲ್ಲ ಅತಿಥಿ ಉಪನ್ಯಾಸಕರ ಮೇಲೆ. ಅವರು ಚೆನ್ನಾಗಿಯೇ ಪಾಠ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ವರ್ಷ ಅಲ್ಲಿ ಇರುತ್ತೇವೋ ಇಲ್ಲವೋ ಅಂತ ಅವರಿಗೇ ಗೊತ್ತಿರುವುದಿಲ್ಲ. ಪಿಎಚ್‌ಡಿಗೆ ಗೈಡ್ ಆಗಲೂ ಅವರಿಗೆ ಅವಕಾಶವಿಲ್ಲ. ವರ್ಷಗಟ್ಟಲೆ ಹುದ್ದೆ ತುಂಬದೆ ವಿಭಾಗಗಳನ್ನು ಹೀಗೆ ಸೊರಗಿಸಿರುವುದು ನನಗೆ ನಿಜವಾಗಲೂ ಸಂಕಟದ ವಿಷಯ.

ಈಗ ನನ್ನ ಪಟ್ಟಿ. ಮೊದಲ ಸ್ಥಾನ ಮೈಸೂರಿಗೆ. 1916ರ ವಿವಿ ಅನ್ನುವ ಹಳೆಯ ಹೆಸರಿಗಾಗಿ ಅಲ್ಲ. ಇತಿಹಾಸ ಓದುವವರಿಗೆ ಅಲ್ಲಿ ಕೈಗೆ ಸಿಗುವ ಸಾಮಗ್ರಿ ಅಷ್ಟಿದೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಗುರುತಿಸಿದ ಗ್ರಂಥಾಲಯವೇ ಇವತ್ತು ಈ ವಿವಿಯ ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲೇ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ. ಓದಿ ತಲೆ ಬಿಸಿಯಾದರೆ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಒಂದು ಸುತ್ತು ಹಾಕಿ ಬರಬಹುದು.

ಎರಡನೆಯದು ಧಾರವಾಡ. ಕರ್ನಾಟಕ ವಿವಿ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಇಲ್ಲಿಗೆ ಬಂತು. ಅದರ ಅಂಗಳದಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆ 1939ರದು, ವಿವಿಗಿಂತಲೂ ಹಿರಿಯದು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಶಾಸನಗಳ ಮುಂದೆ ನಿಂತು ಅಕ್ಷರ ಕೂಡಿಸಿ ಓದಿ ನೋಡಿ. ಪುಸ್ತಕದ ಫೋಟೋದಲ್ಲಿ ಕಾಣದ ಸವೆತ, ಉಳಿಯ ಗುರುತು ಎಲ್ಲ ಕಣ್ಣಿಗೆ ಬೀಳುತ್ತದೆ. ಶಾಸನ ಕಲಿಯುವ ಆಸೆ ಇರುವವರಿಗೆ ಮೈಸೂರಿಗಿಂತ ಮೊದಲು ಧಾರವಾಡವನ್ನೇ ಹೇಳುತ್ತೇನೆ.

ಮೂರನೆಯದು ಬೆಂಗಳೂರು. ವಿವಿಯ ಜ್ಞಾನಭಾರತಿ ಕ್ಯಾಂಪಸ್ಸಿಗೆ ಮೆಟ್ರೊ ಇದೆ, ಪಾರ್ಟ್ ಟೈಮ್ ಕೆಲಸ ಸಿಗುತ್ತದೆ, ರಾಜ್ಯ ಪತ್ರಾಗಾರ ಊರೊಳಗೇ ಇದೆ. ಹಾಸ್ಟೆಲ್ ಸಿಗದಿದ್ದರೆ ಮಾತ್ರ ಪಿಜಿ ಬಾಡಿಗೆಗೇ ಮನೆಯವರು ಸುಸ್ತಾಗುತ್ತಾರೆ. ಇನ್ನೊಂದು ವಿಷಯ, 2017ರಲ್ಲಿ ಇದು ಮೂರು ಹೋಳಾಗಿದೆ. ಸೆಂಟ್ರಲ್ ಕಾಲೇಜಿನದು ನಗರ ವಿವಿ ಆಯಿತು, ಕೋಲಾರದ ಕಡೆಯದು ಉತ್ತರ ವಿವಿ ಆಯಿತು. ಅರ್ಜಿ ಹಾಕುವಾಗ ಹೆಸರು ಸರಿಯಾಗಿ ನೋಡಿಕೊಳ್ಳಿ.

ನಾಲ್ಕನೇ ಸ್ಥಾನ ಮಂಗಳೂರು, ಕುವೆಂಪು ವಿವಿ ಎರಡಕ್ಕೂ. ಮಂಗಳೂರು ವಿವಿ ಇರುವ ಕೊಣಾಜೆಯಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವೇ ಇದೆ, ಕರಾವಳಿಯ ಬದುಕಿನ ಮೇಲೆ ಕೆಲಸ ಮಾಡುವವರಿಗೆ ಹೇಳಿ ಮಾಡಿಸಿದ ಜಾಗ. ಕುವೆಂಪು ವಿವಿ ಇರುವ ಶಂಕರಘಟ್ಟ ಕಾಡಿನ ಮಗ್ಗುಲಲ್ಲಿದೆ, ಓದಿಗೆ ತುಂಬಾ ಚೆಂದ. ಓಡಾಟಕ್ಕೆ ಮಾತ್ರ ಬಸ್ಸನ್ನೇ ಕಾಯಬೇಕು.

ಹಂಪಿಯ ಕನ್ನಡ ವಿವಿಯನ್ನು ಈ ಸಾಲಿಗೆ ಸೇರಿಸಿಲ್ಲ. 1991ರಲ್ಲಿ ಅದು ಹುಟ್ಟಿದ್ದೇ ಸಂಶೋಧನೆಗೆ. ಎಂಎ ಮುಗಿಸಿ ಪಿಎಚ್‌ಡಿ ಯೋಚನೆ ಇದ್ದರೆ ಆಗ ನೋಡಿ. ದೂರ ಕಳಿಸಲು ಮನೆಯಲ್ಲಿ ಒಪ್ಪದ ಹುಡುಗಿಯರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿಯ ಹೆಸರು ಹೇಳುತ್ತೇನೆ. ಅಲ್ಲಿಗಾದರೆ ಎಷ್ಟೋ ಅಪ್ಪಂದಿರು ಹೂಂ ಅನ್ನುತ್ತಾರೆ. ಕಲ್ಯಾಣ ಕರ್ನಾಟಕದ ಮಕ್ಕಳು ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿಯ ಪ್ರಮಾಣಪತ್ರ ಈಗಲೇ ಮಾಡಿಸಿಕೊಳ್ಳಿ. ಕಲಬುರಗಿಯ ಗುಲ್ಬರ್ಗ ವಿವಿಯಂಥ ಆ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೇ ಮೀಸಲು. ಬೇರೆ ಕಡೆಯೂ ಶೇ 8 ಇದೆ.

ಈಚೆಗೆ ಜಿಲ್ಲೆಗೊಂದರಂತೆ ಬಂದ ಹೊಸ ವಿವಿಗಳಿಗೆ ರ‍್ಯಾಂಕ್ ಕೊಡಲು ನನಗೆ ಮನಸ್ಸಿಲ್ಲ. ಮಕ್ಕಳ ತಪ್ಪಿಲ್ಲ, ಮೇಷ್ಟ್ರ ತಪ್ಪೂ ಇಲ್ಲ. ಸಾಕಷ್ಟು ದುಡ್ಡು, ಜಾಗ, ಹುದ್ದೆ ಕೊಡದೆ ಬೋರ್ಡು ಹಾಕಿದರು. 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತನ್ನು ಮುಚ್ಚಬೇಕು ಅಂದಿತು. ಅಲ್ಲಿ ಸೇರಿದ ಮಕ್ಕಳ ಅಪ್ಪ ಅಮ್ಮನಿಗೆ ಹೇಗಾಗಿರಬೇಡ?

ಕೊನೆಗೆ ಒಂದು ವಿಷಯ. ಎಲ್ಲಿಗೆ ಹೋದರೂ ಸೀನಿಯರ್‌ಗಳನ್ನು ಕೇಳಿ: "ಕಳೆದ ಸೆಮಿಸ್ಟರ್ ಫಲಿತಾಂಶ ಯಾವಾಗ ಬಂತು? ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕಿತಾ?" ನನ್ನ ಒಬ್ಬ ವಿದ್ಯಾರ್ಥಿನಿ ಎಂಎ ಚೆನ್ನಾಗಿ ಪಾಸಾದಳು. ಬಿಎಡ್ ಸೀಟೂ ಸಿಕ್ಕಿತು. ದಾಖಲೆ ಪರಿಶೀಲನೆಯ ದಿನ ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಬಂದಿರಲಿಲ್ಲ, ಸೀಟು ಹೋಯಿತು. ಮಾರ್ಕ್ಸ್ ಕಾರ್ಡ್ ತಡ ಮಾಡುವ ವಿವಿ ಯಾವುದೇ ಇರಲಿ, ನನ್ನ ಪಟ್ಟಿಯಲ್ಲಿ ಒಂದು ಸ್ಥಾನ ಕೆಳಗೆ ಇಳಿಸಿಯೇ ಓದಿಕೊಳ್ಳಿ.