ಸರಸ್ವತಿಪುರಂನ ರಿಪೇರಿ ಅಂಗಡಿ ಮತ್ತು ಸುಳ್ಳು ವೈರಸ್ ಎಚ್ಚರಿಕೆ

ಕಳೆದ ವಾರ ನಮ್ಮ ತಂದೆಯವರ ಲ್ಯಾಪ್‌ಟಾಪ್‌ ಪರದೆಯ ತುಂಬ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಕೆಂಪು ಎಚ್ಚರಿಕೆ ಮೂಡಿ, ಕರ್ಕಶವಾದ ಸೈರನ್ ಮೊಳಗಿ, ಕೆಳಗೊಂದು ಫೋನ್ ಸಂಖ್ಯೆಯೂ ಕಾಣಿಸಿಕೊಂಡಾಗ ಅವರು ಗಾಬರಿಯಿಂದ ಕರೆ ಮಾಡುವುದರಲ್ಲಿದ್ದರು. ನಾನು ತಡೆದು, ಮೈಸೂರಿನ ಸರಸ್ವತಿಪುರಂನಲ್ಲಿರುವ ಪುಟ್ಟ ರಿಪೇರಿ ಅಂಗಡಿಗೆ ಅದನ್ನು ಒಯ್ದೆ.

ಅಂಗಡಿಯವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸಿ ನಿಲ್ಲಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಅದರ ಮೂಲಕ ಬ್ರೌಸರನ್ನು ಮುಚ್ಚಿದರು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಿಸಲಿಲ್ಲ. ಅದು ಬರಿಯ ಜಾಲಪುಟವೇ ಹೊರತು ವೈರಸ್ ಅಲ್ಲ, ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ, ಕರೆ ಮಾಡಿದರೆ ಆ ಕಡೆಯವರು ದೂರದಿಂದಲೇ ಕಂಪ್ಯೂಟರನ್ನು ನಿಯಂತ್ರಿಸುವ ಆ್ಯಪ್ ಹಾಕಿಸಿ ಹಣ ಕೀಳುತ್ತಾರೆ ಎಂಬುದನ್ನು ತಂದೆಯವರಿಗೆ ತಾಳ್ಮೆಯಿಂದ ವಿವರಿಸಿದರು. ಗೊತ್ತಿಲ್ಲದ ಜಾಲತಾಣಗಳಿಗೆ ಕೊಟ್ಟಿದ್ದ ನೋಟಿಫಿಕೇಶನ್ ಅನುಮತಿಗಳನ್ನೂ ತೆಗೆದುಹಾಕಿದರು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆ್ಯಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿದಾಗ ಏನೂ ಸಿಗಲಿಲ್ಲ. ಬೇರೆ ಆ್ಯಂಟಿವೈರಸ್ ಕೊಳ್ಳಿರೆಂದು ಒಮ್ಮೆಯೂ ಒತ್ತಾಯಿಸಲಿಲ್ಲ. ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆಯಾಯಿತು.

ಸ್ಕ್ಯಾನ್ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು, ಕೂರಲು ಇದ್ದದ್ದು ಒಂದೇ ಕುರ್ಚಿ. ಎಂದಾದರೂ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ತಂದೆಯವರು ಅದನ್ನು ಲ್ಯಾಪ್‌ಟಾಪ್‌ ಮೇಲೆಯೇ ಅಂಟಿಸಿಕೊಂಡಿದ್ದಾರೆ.